ಇದ್ದಲ್ಲೇ ತಿರುಗೋ ಸುಳಿ ಶಾಖವನ್ನ ಹೇಗೆ ಸಾಗಿಸುತ್ತೆ? ಅರಬ್ಬಿ ಸಮುದ್ರದ ಲೆಕ್ಕ ಸಮೇತ ಹೇಳಿ

ಮಾಂಡವಿ ದಂಡೆ | ಪಣಜಿ

ಪ್ರವಾಹ ಬಿಸಿ ನೀರನ್ನ ಒಂದು ಕಡೆಯಿಂದ ಇನ್ನೊಂದು ಕಡೆಗೆ ಒಯ್ಯುತ್ತೆ ಅನ್ನೋದು ಅರ್ಥವಾಗುತ್ತೆ, ನದಿ ಹರಿದ ಹಾಗೆ. ಆದರೆ ಸಮುದ್ರದ ಸುಳಿಗಳೂ ಶಾಖ ಸಾಗಿಸುತ್ತವೆ ಅಂತ ಎಲ್ಲ ಕಡೆ ಬರೆದಿರ್ತಾರೆ. ಸುಳಿ ಅಂದ್ರೆ ಇದ್ದಲ್ಲೇ ಗಿರಗಿರ ತಿರುಗೋದು. ಉತ್ತರಕ್ಕೆ ಎಷ್ಟು ನೀರು ಹೋಗುತ್ತೋ ಅಷ್ಟೇ ನೀರು ದಕ್ಷಿಣಕ್ಕೆ ವಾಪಸ್ ಬರುತ್ತೆ. ಹಾಗಿದ್ದ ಮೇಲೆ ಶಾಖ ಸಾಗೋದು ಹೇಗೆ?

ಎರಡನೇ ಸಂಶಯ ಗೋವಾಕ್ಕೆ ಸಂಬಂಧಿಸಿದ್ದು. ನಮ್ಮ ಕರಾವಳಿಯ ಪ್ರವಾಹ ಮಳೆಗಾಲದಲ್ಲಿ ದಕ್ಷಿಣಕ್ಕೆ, ಚಳಿಗಾಲದಲ್ಲಿ ಉತ್ತರಕ್ಕೆ ಹರಿಯುತ್ತೆ. ಹಾಗಾದ್ರೆ ವರ್ಷದ ಕೊನೆಗೆ ಶಾಖದ ಲೆಕ್ಕ ಸೊನ್ನೆ ಆಗಬೇಕಲ್ಲ? ಗೊತ್ತಿರೋರು ಅಂಕಿ ಹಾಕಿ ವಿವರಿಸಿ.

ಕಲ್ಯಾಣ್ ಲೋಕಲ್ | ಡೊಂಬಿವಲಿ

ಸುಳಿ ಒಂದು ಡಬ್ಬಿ ಇದ್ದ ಹಾಗೆ. ಒಳಗೆ ಬಿಸಿ ನೀರು ತುಂಬ್ಕೊಂಡು ಡಬ್ಬಿ ಸಮೇತ ಪಶ್ಚಿಮಕ್ಕೆ ಹೋಗುತ್ತೆ. ಅಷ್ಟೇ ವಿಷಯ.

ಪಾಷಾಣ್ ಗಾಳಿ | ಪುಣೆ

ಡಬ್ಬಿ ಅನ್ನೋದು ಅರ್ಧ ಮಾತ್ರ ಸರಿ. ಮೂಲ ಪ್ರಶ್ನೆಗೆ ಡಬ್ಬಿ ಇಲ್ಲದೆಯೂ ಉತ್ತರ ಇದೆ.

ಉತ್ತರ ಗೋಳಾರ್ಧದಲ್ಲಿ ನಡು ಉಬ್ಬಿರೋ ಸುಳಿ ಗಡಿಯಾರದ ದಿಕ್ಕಲ್ಲಿ ತಿರುಗುತ್ತೆ. ಅಂದ್ರೆ ಪಶ್ಚಿಮದ ತೋಳಲ್ಲಿ ನೀರು ಉತ್ತರಕ್ಕೆ, ಪೂರ್ವದ ತೋಳಲ್ಲಿ ದಕ್ಷಿಣಕ್ಕೆ. ಒಂದೊಂದು ತೋಳು 100 ಕಿ.ಮೀ. ಅಗಲ, 100 ಮೀಟರ್ ಆಳ, ವೇಗ ಸೆಕೆಂಡಿಗೆ 30 ಸೆಂ.ಮೀ. ಅಂತ ಇಟ್ಕೊಳ್ಳಿ. ಸೆಕೆಂಡಿಗೆ 30 ಲಕ್ಷ ಘನ ಮೀಟರ್ ಉತ್ತರಕ್ಕೆ ಹೋಯ್ತು, ಅಷ್ಟೇ ದಕ್ಷಿಣಕ್ಕೆ ಬಂತು. ನೀರಿನ ಲೆಕ್ಕ ಚುಕ್ತಾ. ಈಗ ಹೋಗೋ ನೀರು 28.5 ಡಿಗ್ರಿ, ಬರೋ ನೀರು 27.5 ಡಿಗ್ರಿ ಇದ್ರೆ? ಒಂದು ಘನ ಮೀಟರ್ ಸಮುದ್ರದ ನೀರನ್ನ ಒಂದು ಡಿಗ್ರಿ ಬಿಸಿ ಮಾಡೋಕೆ ಸುಮಾರು 41 ಲಕ್ಷ ಜೂಲ್ ಬೇಕು. 30 ಲಕ್ಷವನ್ನ 41 ಲಕ್ಷದಿಂದ ಗುಣಿಸಿ: 12 ಲಕ್ಷ ಕೋಟಿ ವ್ಯಾಟ್ ಉತ್ತರಕ್ಕೆ ಹೋಗ್ತಾ ಇದೆ. ಒಂದು ಹನಿ ನೀರೂ ನಿವ್ವಳವಾಗಿ ಉತ್ತರಕ್ಕೆ ಹೋಗಿಲ್ಲ.

ಎರಡೂ ತೋಳು ಸಮ ಬಿಸಿ ಇದ್ರೆ ಸೊನ್ನೆ. ಉಬ್ಬಿನ ನಡುವೂ ಬಿಸಿಯ ನಡುವೂ ಒಂದೇ ಕಡೆ ಕೂತ, ಅಚ್ಚುಕಟ್ಟಾಗಿ ದುಂಡಗಿರೋ ಸುಳಿ ಇದ್ದಲ್ಲೇ ತಿರುಗಿದರೆ ಏನೂ ಸಾಗಿಸೋದಿಲ್ಲ. ಬಿಸಿ ಮಚ್ಚೆ ಉಬ್ಬಿನ ನಡುವಿಂದ ಸ್ವಲ್ಪ ಪಕ್ಕಕ್ಕೆ ಸರಿದಿರಬೇಕು. ದಕ್ಷಿಣದಲ್ಲಿ ಬಿಸಿ, ಉತ್ತರದಲ್ಲಿ ತಂಪು ಇರೋ ಕಡೆ ಅದು ತಾನಾಗೇ ಸರಿಯುತ್ತೆ, ಯಾಕಂದ್ರೆ ಪಶ್ಚಿಮದ ತೋಳು ದಕ್ಷಿಣದ ನೀರನ್ನೇ ಎಳೆದು ತರೋದು. ಸೌಟಲ್ಲಿ ಕಲಕಿದ ಹಾಗೆ.

ವಾಸ್ಕೋ ಬಂದರು | ವಾಸ್ಕೋ

ಪುಣೆಯವರು ಹೇಳಿದ್ದು ಬರೋಬ್ಬರಿ ಐತ್ರಿ. ಎರಡು ಮಾತು ಸೇರಸ್ತೀನಿ, ಭಾಳ ಮಂದಿ ಇಲ್ಲೇ ತಪ್ಪತಾರ.

ಒಂದು, ನೀರಿನ ಲೆಕ್ಕ ಸೊನ್ನೆ ಮಾಡಿಕೊಳ್ಳದ "ಇಷ್ಟು ಶಾಖ ಹೋತು" ಅನ್ನಾಕ ಬರೂದಿಲ್ಲ. 28 ಡಿಗ್ರಿ ಅಂದ್ರ 301 ಕೆಲ್ವಿನ್. ಬರೇ ಒಂದು ತೋಳು ಅಳೆದು ಸೆಲ್ಸಿಯಸ್ಸಿನ್ಯಾಗ ಗುಣಿಸಿದ್ರ ಒಂದು ಉತ್ತರ, ಕೆಲ್ವಿನ್ನಿನ್ಯಾಗ ಗುಣಿಸಿದ್ರ ಅದರ ಹತ್ತು ಪಟ್ಟಿಗೂ ಮಿಕ್ಕಿ. ಎರಡೂ ತೋಳು ಕೂಡಿಸಿದಾಗ ಅಷ್ಟ ಉತ್ತರ ಒಂದ ಆಗತೈತಿ. ಅರ್ಧ ಸುಳಿ ದಾಟಿ ಹಡಗು ತಿರುಗಿಸಿಕೊಂಡು ಬಂದ್ರ ಆ ಮಾಹಿತಿಯಿಂದ ಶಾಖದ ಲೆಕ್ಕ ಹೊರಡೂದಿಲ್ಲ.

ಇನ್ನೊಂದು, ಉತ್ತರಕ್ಕ ಹೋದ ಬಿಸಿ ನೀರು ಪೂರ್ತಿ ಸುತ್ತು ಹಾಕಿ ಬಿಸಿ ಇಟ್ಕೊಂಡ ವಾಪಸ್ ಬಂದ್ರ ಏನೂ ಸಾಗಿಸಿದಂಗ ಆಗಲಿಲ್ಲ. ಅಲ್ಲೇ ಪಕ್ಕದ ನೀರಿಗೆ ಬೆರೀಬೇಕು, ಇಲ್ಲಾ ಗಾಳಿಗೆ ಶಾಖ ಬಿಡಬೇಕು.

ಭರತ ಇಳಿತ | ಮುಲುಂಡ್

ಅಲ್ಲ ಮಾರಾಯ್ರೆ, "ಸುಳಿ" ಅಂದಕೂಡಲೇ ಜನ ಹೊಳೆಯಲ್ಲಿ ಮುಳುಗಿಸುವ ಸುಳಿ ಅಂತ ತಿಳೀತಾರೆ. ಇಲ್ಲಿ ಹೇಳ್ತಾ ಇರುದು 100ರಿಂದ 300 ಕಿ.ಮೀ. ಅಗಲದ್ದು, ವಾರಗಟ್ಟಲೆ, ತಿಂಗಳುಗಟ್ಟಲೆ ಬದುಕುವಂಥದ್ದು. ಅದರ ಮೇಲೆ ಬೋಟು ಬಿಟ್ಟವರಿಗೆ ತಿರುಗುದು ಗೊತ್ತೇ ಆಗುದಿಲ್ಲ.

ಮುಂಬೈಯವರಿಗೆ ಇನ್ನೊಂದು ಗೊಂದಲ ಉಂಟು. ಇಲ್ಲಿ ದೊಡ್ಡ ಭರತಕ್ಕೆ ನೀರು 4–5 ಮೀಟರ್ ಏರಿಳೀತದೆ, ಗೋವಾದಲ್ಲಿ 2 ಮೀಟರ್ ಆಚೀಚೆ. ಹಾಗಾಗಿ ಮುಂಬೈ ಕಡಲಲ್ಲಿ ಕರೆಂಟು ಬಹಳ, ಶಾಖವೂ ಬಹಳ ಸಾಗ್ತದೆ ಅಂತ ಲೆಕ್ಕ ಹಾಕ್ತಾರೆ. ತಪ್ಪು. ಭರತದ ವೇಗ ಗರಿಷ್ಠ ಸೆಕೆಂಡಿಗೆ 1 ಮೀಟರ್ ಇದ್ದರೂ ನೀರು ಒಂದು ದಿಕ್ಕಿಗೆ ಹೋಗುದು ಹೆಚ್ಚೆಂದರೆ 14 ಕಿ.ಮೀ., ಆರು ಗಂಟೆ ಕಳೆದ ಮೇಲೆ ಅದೇ ದಾರಿಯಲ್ಲಿ ವಾಪಸ್. ಬದಲಿಗೆ ಸೆಕೆಂಡಿಗೆ ಬರೇ 10 ಸೆಂ.ಮೀ. ಒಂದೇ ದಿಕ್ಕಿಗೆ ಹರಿದರೆ ತಿಂಗಳಿಗೆ 260 ಕಿ.ಮೀ. ದಾಟ್ತದೆ. ಶಾಖ ಸಾಗಿಸುದು ಈ ನಿಧಾನದ ನೀರು.

ಮಾಂಡವಿ ದಂಡೆ | ಪಣಜಿ

ತೋಳುಗಳ ಲೆಕ್ಕ ಮನಸ್ಸಿಗೆ ಹತ್ತಿತು. ಆದರೆ ಸೆಕೆಂಡಿಗೆ 30 ಸೆಂ.ಮೀ. ಅನ್ನೋದು ಎಲ್ಲಿಂದ? ನಕ್ಷೆಯಲ್ಲಿ ಸಿಗೋದು ಸಮುದ್ರದ ಎತ್ತರ ತಾನೇ?

ಪಾಷಾಣ್ ಗಾಳಿ | ಪುಣೆ

ಎತ್ತರದ ಇಳಿಜಾರಿಂದಲೇ ವೇಗ ಬರುತ್ತೆ. ನೀರು ಉಬ್ಬಿನಿಂದ ತಗ್ಗಿಗೆ ನೇರ ಇಳಿಯೋಕೆ ಹೊರಡುತ್ತೆ, ಭೂಮಿ ತಿರುಗೋದರಿಂದ ಬಲಕ್ಕೆ ವಾಲುತ್ತೆ, ಕೊನೆಗೆ ಉಬ್ಬನ್ನ ಬಲಗಡೆ ಇಟ್ಕೊಂಡು ಸುತ್ತುತ್ತೆ. ಗೋವಾದ ಅಕ್ಷಾಂಶ 15.5 ಡಿಗ್ರಿಯಲ್ಲಿ 100 ಕಿ.ಮೀ.ಗೆ 10 ಸೆಂ.ಮೀ. ಇಳಿಜಾರಿದ್ರೆ ವೇಗ ಸೆಕೆಂಡಿಗೆ 25 ಸೆಂ.ಮೀ. ಅದೇ ಇಳಿಜಾರು ಮುಂಬೈ ಎದುರು 20–21, ಕನ್ಯಾಕುಮಾರಿ ಎದುರು 48. ಭೂಮಧ್ಯ ರೇಖೆ ಹತ್ತಿರ ಆದಂತೆ ಈ ಸೂತ್ರ ಕೈಕೊಡುತ್ತೆ. 3–4 ಡಿಗ್ರಿ ಅಕ್ಷಾಂಶದ ಒಳಗೆ ಹಾಕಲೇಬೇಡಿ.

ಮೇಲ್ಮೈ 10 ಸೆಂ.ಮೀ. ಉಬ್ಬಿದ್ರೆ ಕೆಳಗೆ ಬಿಸಿ ನೀರಿಗೂ ತಣ್ಣೀರಿಗೂ ನಡುವಿನ ಗಡಿ 25–30 ಮೀಟರ್ ಕೆಳಗೆ ತಳ್ಳಲ್ಪಟ್ಟಿರುತ್ತೆ. ಕಣ್ಣಿಗೆ ಬೀಳದ ಅರ್ಧ ಗೇಣಿನ ಉಬ್ಬಿನ ಕೆಳಗೆ ಹತ್ತಂತಸ್ತಿನ ಕಟ್ಟಡದಷ್ಟು ಬಿಸಿ ನೀರು! ಈ ವಿಷಯದಲ್ಲಿ ಇಷ್ಟು ಸೊಗಸಾದ ಸಂಗತಿ ಇನ್ನೊಂದಿಲ್ಲ ಅಂತ ನನ್ನ ಅಭಿಪ್ರಾಯ.

ಉಪ್ಪಿನ ಅಳತೆ | ದೋನಾ ಪಾವ್ಲಾ

ಎರಡನೇ ಪ್ರಶ್ನೆಗೆ ಬರ್ತೀನಿ. ಯಾರೂ ಮುಟ್ಟಿಲ್ಲ.

ಪ್ರವಾಹ ತಿರುಗಿ ಹರಿದರೂ ಸೊನ್ನೆ ಆಗೋಲ್ಲ. ಮೇಲಿನ ಸುಳಿಯ ತರ್ಕವೇ ಇಲ್ಲೂ, ಪಶ್ಚಿಮ–ಪೂರ್ವದ ತೋಳುಗಳ ಬದಲು ಚಳಿಗಾಲ–ಮಳೆಗಾಲ ಅಂತ ಓದಿಕೊಳ್ಳಿ. ನವೆಂಬರಿನಿಂದ ಫೆಬ್ರವರಿವರೆಗೆ ಉತ್ತರಕ್ಕೆ ಹೋಗೋದು ಲಕ್ಷದ್ವೀಪದ ಕಡೆಯ ಬೆಚ್ಚಗಿನ, ಉಪ್ಪು ಕಡಿಮೆ ಇರೋ ನೀರು. ಅದು ಹೋಗಿ ಸೇರೋದು ಒಣ ಗಾಳಿಗೆ ತಣ್ಣಗಾದ ಉತ್ತರ ಅರಬ್ಬಿ ಸಮುದ್ರವನ್ನ. ಜೂನಿನಿಂದ ಸೆಪ್ಟೆಂಬರಿನವರೆಗೆ ದಕ್ಷಿಣಕ್ಕೆ ಹರಿಯೋವಾಗ ಕೆಳಗಿನ ತಣ್ಣೀರು ಕರಾವಳಿಗೆ ಏರಿ ಬಂದಿರುತ್ತೆ. ಹೋಗುವಾಗ ಬೆಚ್ಚಗೆ, ಬರುವಾಗ ತಣ್ಣಗೆ. ಹಾಗಾಗಿ ಕರಾವಳಿ ಪಟ್ಟಿಯಲ್ಲಿ ಉತ್ತರದ ಕಡೆಗೆ ಉಳಿಕೆ.

ಆದರೆ ಇದನ್ನ ಇಡೀ ಸಮುದ್ರಕ್ಕೆ ಹಿಗ್ಗಿಸಬೇಡಿ. ಹಿಂದೂ ಮಹಾಸಾಗರದ ಉತ್ತರಕ್ಕೆ ಏಷ್ಯಾ ಅಡ್ಡ ಇದೆ, ಒಳಗೆ ಬಂದ ಶಾಖಕ್ಕೆ ಆ ಕಡೆ ದಾರಿ ಇಲ್ಲ. ಮಳೆಗಾಲದ ನೈಋತ್ಯ ಗಾಳಿ ಮೇಲ್ಮೈ ನೀರನ್ನ ತನ್ನ ಬಲಕ್ಕೆ ತಳ್ಳುತ್ತೆ. ಭೂಮಧ್ಯ ರೇಖೆಯ ಆ ಕಡೆ ಆಗ್ನೇಯ ಗಾಳಿ ಎಡಕ್ಕೆ ತಳ್ಳುತ್ತೆ. ಎರಡೂ ಕಡೆ ನೀರು ಸರಿಯೋದು ದಕ್ಷಿಣಕ್ಕೇ. ಬದಲಿಗೆ ಸೊಮಾಲಿಯಾ ಕರಾವಳಿ ಹಿಡಿದು ತಣ್ಣಗಿನ ನೀರು ಉತ್ತರಕ್ಕೆ ಬಂದು ಮೇಲೇಳುತ್ತೆ. ಚಳಿಗಾಲದಲ್ಲಿ ಇದು ತಿರುಗಿದರೂ ಮಳೆಗಾಲದ ಪಾಲೇ ದೊಡ್ಡದು. ವರ್ಷದ ನಿವ್ವಳ ಶಾಖ ದಕ್ಷಿಣಕ್ಕೆ. ನಮ್ಮ ಅರಬ್ಬಿ ಸಮುದ್ರ ಮೇ ತಿಂಗಳ 30 ಡಿಗ್ರಿಯಿಂದ ಆಗಸ್ಟ್ ಹೊತ್ತಿಗೆ ತಂಪಾಗೋದರಲ್ಲಿ ಮೋಡ, ಆವಿಯ ಜೊತೆಗೆ ಇದರದ್ದೂ ಕೈ ಇದೆ.

ಕಲ್ಯಾಣ್ ಲೋಕಲ್ | ಡೊಂಬಿವಲಿ

ಹಾಗಾದ್ರೆ ಅರಬ್ಬಿ ಸಮುದ್ರದಲ್ಲಿ ದೊಡ್ಡ ಕೆಲಸ ಮಾಡೋದು ಗಾಳಿ ತಳ್ಳಿದ ನೀರು, ಸುಳಿ ಅಲ್ಲ ಅಂತ ಆಯ್ತಲ್ಲ. ಮತ್ತೆ ಸುಳಿ ಸುಳಿ ಅಂತ ಇಷ್ಟು ಮಾತು ಯಾಕೆ? ಆಫ್ರಿಕಾದ ದಕ್ಷಿಣ ತುದಿಯ ಆಗುಲ್ಹಾಸ್ ಸುಳಿಗಳು ವರ್ಷಕ್ಕೆ ಐದಾರು ಕಳಚಿಕೊಂಡು ಹಿಂದೂ ಮಹಾಸಾಗರದ ಬಿಸಿ, ಉಪ್ಪು ಎರಡನ್ನೂ ಅಟ್ಲಾಂಟಿಕ್‌ಗೆ ಒಯ್ಯುತ್ತವೆ. ಅದು ಡಬ್ಬಿ ಅಲ್ಲದೆ ಮತ್ತೇನು?

ಪಾಷಾಣ್ ಗಾಳಿ | ಪುಣೆ

ಆಗುಲ್ಹಾಸ್ ವಿಷಯದಲ್ಲಿ ನಿಮ್ಮ ಮಾತು ಪೂರ್ತಿ ಸರಿ. ಡಬ್ಬಿ ಹೌದೋ ಅಲ್ಲವೋ ನೋಡೋಕೆ ಸುಲಭದ ಪರೀಕ್ಷೆ ಇದೆ: ಸುಳಿ ತಿರುಗೋ ವೇಗ ಅದು ಸಾಗೋ ವೇಗಕ್ಕಿಂತ ಜಾಸ್ತಿ ಇದ್ರೆ ಒಳಗಿನ ನೀರು ಸಿಕ್ಕಿಬೀಳುತ್ತೆ. ಕಡಿಮೆ ಇದ್ರೆ ಅದು ಬರೀ ಅಲೆ, ನೀರು ಹಿಂದೆ ಉಳಿಯುತ್ತೆ. 15 ಡಿಗ್ರಿ ಅಕ್ಷಾಂಶದಲ್ಲಿ ಸಾಗೋ ವೇಗ ಪಶ್ಚಿಮಕ್ಕೆ ಸೆಕೆಂಡಿಗೆ ಸುಮಾರು 9 ಸೆಂ.ಮೀ., ದಿನಕ್ಕೆ 8 ಕಿ.ಮೀ. ಬಲವಾದ ಸುಳಿ 25–30ರಲ್ಲಿ ತಿರುಗ್ತಾ ಇದ್ರೆ ಡಬ್ಬಿ. 5–6ರಲ್ಲಿ ತಿರುಗ್ತಾ ಇದ್ರೆ ಅಲ್ಲ. ಹೆಚ್ಚು ಅಕ್ಷಾಂಶದಲ್ಲಿ ಸಾಗೋ ವೇಗ ಬಹಳ ಕಮ್ಮಿ, ಅದಕ್ಕೇ ಅಲ್ಲಿ ಡಬ್ಬಿಗಳು ಜಾಸ್ತಿ.

ಸುಳಿಯೇ ಯಜಮಾನ ಆಗಿರೋದು ಅಂಟಾರ್ಕ್ಟಿಕ ಸುತ್ತಲಿನ ಸಾಗರದಲ್ಲಿ. ಅಲ್ಲಿ ದಕ್ಷಿಣ ಅಮೆರಿಕಕ್ಕೂ ಅಂಟಾರ್ಕ್ಟಿಕಕ್ಕೂ ನಡುವಿನ ಡ್ರೇಕ್ ಜಲಸಂಧಿಯ ಅಕ್ಷಾಂಶದಲ್ಲಿ ಭೂಖಂಡದ ಅಡ್ಡಗೋಡೆ ಇಲ್ಲ. ಗೋಡೆ ಇಲ್ಲದೆ ಪೂರ್ವ–ಪಶ್ಚಿಮದ ಒತ್ತಡದ ವ್ಯತ್ಯಾಸ ನಿಲ್ಲೋಲ್ಲ, ಅದು ನಿಲ್ಲದೆ ಧ್ರುವದ ಕಡೆ ಸ್ಥಿರ ಪ್ರವಾಹ ಹರಿಯೋಲ್ಲ. ಪ್ರವಾಹ ಸುತ್ತು ಹೊಡೀತಾ ಇರುತ್ತೆ, ಶಾಖವನ್ನ ಅಡ್ಡ ದಾಟಿಸೋದು ಸುಳಿಗಳು.

ವಾಸ್ಕೋ ಬಂದರು | ವಾಸ್ಕೋ

ಅಲ್ರಿ, ಗೋವಾ ಬಿಟ್ಟು ಅಂಟಾರ್ಕ್ಟಿಕಕ್ಕ ಹೋದ್ರಲ್ಲ. ನಮ್ಮ ಕಡೆ ಸುಳಿ ಮುಖ್ಯ ಅಲ್ಲ ಅನ್ನೂದು ಒಪ್ಪಾಕ ಆಗೂದಿಲ್ಲ. ಉತ್ತರ–ದಕ್ಷಿಣ ಶಾಖ ಒಂದ ಲೆಕ್ಕಾನ? ಲಕ್ಷದ್ವೀಪದ ಉಬ್ಬು ತಗೋರಿ. ಡಿಸೆಂಬರ್–ಜನವರಿಯೊಳಗ ಹುಟ್ಟತೈತಿ, ಬಿಸಿ ನೀರಿನ ಪದರ ದಪ್ಪ ಆಗತೈತಿ, ಮುಂದ ಪಶ್ಚಿಮಕ್ಕ ಸರೀತೈತಿ. ಏಪ್ರಿಲ್–ಮೇದಾಗ ಅದ ಜಾಗಾದಾಗ 30 ಡಿಗ್ರಿ ದಾಟಿದ ಬಿಸಿ ಕೊಳ ತಯಾರ. ಮುಂಗಾರು ಬರೂ ಮುಂಚೆ ಅರಬ್ಬಿ ಸಮುದ್ರದಾಗಿನ ಭಾಳ ಬಿಸಿ ಜಾಗಾ ಅದ.

ಉಪ್ಪಿನ ಅಳತೆ | ದೋನಾ ಪಾವ್ಲಾ

ಒಪ್ಪಿದೆ, ಒಂದು ತಿದ್ದುಪಡಿ ಜೊತೆಗೆ. ಉಬ್ಬನ್ನ ಹುಟ್ಟಿಸೋದು ಅಲ್ಲಿನ ಗಾಳಿ ಮಾತ್ರ ಅಲ್ಲ. ಬಂಗಾಳ ಕೊಲ್ಲಿಯಲ್ಲಿ ಎದ್ದ ಅಲೆ ಪೂರ್ವ ಕರಾವಳಿ ಇಳಿದು, ಶ್ರೀಲಂಕಾ ಸುತ್ತಿ, ದಡವನ್ನ ಬಲಗಡೆ ಇಟ್ಕೊಂಡು ನಮ್ಮ ಕರಾವಳಿ ಏರುತ್ತೆ. ಅದರಿಂದ ಪಶ್ಚಿಮಕ್ಕೆ ಸಿಡಿಯೋ ನಿಧಾನದ ಅಲೆಯೇ ಈ ಉಬ್ಬು. ಇದೇ ಕಾರಣಕ್ಕೆ ಮಳೆಗಾಲದಲ್ಲಿ ಗೋವಾ ಕರಾವಳಿಗೆ ತಣ್ಣೀರು ಏರೋದನ್ನ ಇಲ್ಲಿನ ಗಾಳಿಯೊಂದರಿಂದಲೇ ವಿವರಿಸೋಕೆ ಹೋದ್ರೆ ಲೆಕ್ಕ ಕೂಡೋದಿಲ್ಲ.

ಬಿಸಿ ಕೊಳಕ್ಕೆ ಉಪ್ಪೂ ಕಾರಣ. ಕೊಲ್ಲಿಯ ಸಪ್ಪೆ ನೀರು ಮೇಲೆ ಹಾಸಿಕೊಂಡ್ರೆ ಅದು ಹಗುರ, ಕೆಳಗಿನ ಉಪ್ಪು ನೀರಿನ ಜೊತೆ ಬೇಗ ಬೆರೆಯೋಲ್ಲ. ಬಿಸಿಲಿನ ಶಾಖ ಮೇಲಿನ ತೆಳು ಪದರದಲ್ಲೇ ನಿಲ್ಲುತ್ತೆ.

ಭರತ ಇಳಿತ | ಮುಲುಂಡ್

ಹಾಗಾದರೆ ಗಂಗೆಯ ನೀರು ಚಳಿಗಾಲದಲ್ಲಿ ಗೋವಾಕ್ಕೆ ಬರ್ತದೆ ಅಂತ ಆಯ್ತು!

ಉಪ್ಪಿನ ಅಳತೆ | ದೋನಾ ಪಾವ್ಲಾ

ಗಂಗೆ, ಬ್ರಹ್ಮಪುತ್ರ, ಐರಾವತಿ, ಮಳೆ ಎಲ್ಲ ಬೆರೆತದ್ದು. ದಾರಿಯುದ್ದಕ್ಕೂ ಉಪ್ಪಾಗ್ತಾ ಬರುತ್ತೆ. ಗುರುತು ಹಿಡಿಯೋದು ಉಪ್ಪಿನಂಶದಿಂದ: ಕೇರಳದ ಎದುರು ಚೆನ್ನಾಗಿ ಕಾಣುತ್ತೆ, ಉತ್ತರಕ್ಕೆ ಬಂದಂತೆ ಮಸುಕಾಗುತ್ತೆ. ಉತ್ತರ ಅರಬ್ಬಿ ಸಮುದ್ರದ ಸ್ವಂತ ನೀರು ಕೆಜಿಗೆ 36 ಗ್ರಾಮ್ ದಾಟುತ್ತೆ, ಎರಡರ ಗಡಿ ಸ್ಪಷ್ಟ.

ಹೊಸಬ | ಕೊಥ್ರೂಡ್

ಮುಂಬೈ ಅಕ್ಟೋಬರ್ ಸೆಕೆಗೂ ಇದೇ ಕಾರಣಾನಾ?

ಪಾಷಾಣ್ ಗಾಳಿ | ಪುಣೆ

ಮುಖ್ಯ ಕಾರಣ ಅಲ್ಲ. ಮೋಡ ಸರಿದು ಬಿಸಿಲು, ನೆಲದ ಕಡೆಯ ಗಾಳಿ, ಕಡಲ ಗಾಳಿ ತಡವಾಗಿ ಬರೋದು, ಇವು. ಸಮುದ್ರ ಕೊಡೋದು ತೇವ.

ಸಂಜೆ ಮೀನು | ಮಡಗಾಂವ್

ಆಗಸ್ಟಿನಲ್ಲಿ ಗೋವಾ ಎದುರು ತಣ್ಣೀರು ಏರಿರ್ತದೆ ಅಂತೀರಿ. ಆದರೆ ಉಪಗ್ರಹದ ನಕ್ಷೆಯಲ್ಲಿ 27–28 ಡಿಗ್ರಿ ತೋರಿಸ್ತದೆ. ಯಾವುದು ನಿಜ?

ಉಪ್ಪಿನ ಅಳತೆ | ದೋನಾ ಪಾವ್ಲಾ

ಎರಡೂ ನಿಜ. ಮಳೆ, ಜುವಾರಿ, ಮಾಂಡವಿ ಎಲ್ಲದರ ಸಿಹಿನೀರು ಮೇಲೆ 5–10 ಮೀಟರ್ ತೆಳ್ಳಗೆ ಮುಚ್ಚಳದ ಹಾಗೆ ಕೂತಿರುತ್ತೆ. ಉಪಗ್ರಹ ನೋಡೋದು ಮುಚ್ಚಳವನ್ನ. ಅದರ ಕೆಳಗೆ ಉಷ್ಣ ಅಳೆಯೋ ಸಲಕರಣೆ ಇಳಿಸಿದ್ರೆ ಕೆಲವೇ ಮೀಟರಿನಲ್ಲಿ ಡಿಗ್ರಿಗಟ್ಟಲೆ ಬೀಳುತ್ತೆ. ಆ ತಣ್ಣೀರಲ್ಲಿ ಆಮ್ಲಜನಕವೂ ಕಡಿಮೆ. ಮುಚ್ಚಳ ಇರೋದರಿಂದ ಗಾಳಿಯ ಆಮ್ಲಜನಕ ಕೆಳಗಿಳಿಯೋಲ್ಲ, ಸೆಪ್ಟೆಂಬರ್–ಅಕ್ಟೋಬರ್ ಹೊತ್ತಿಗೆ ತಳದಲ್ಲಿ ಸೊನ್ನೆಗೆ ಬಂದು ಕೊಳೆತ ಮೊಟ್ಟೆ ವಾಸನೆಯ ಅನಿಲವೂ ಹುಟ್ಟುತ್ತೆ. ಇಲ್ಲಿನ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆ 1997ರಿಂದ ಕಾಂಡೋಳಿ ಎದುರು ಒಂದೇ ಜಾಗದಲ್ಲಿ ಅಳೀತಾ ಬಂದಿರೋದರಿಂದಲೇ ಇದು ಇಷ್ಟು ಖಚಿತವಾಗಿ ಗೊತ್ತಾಗಿದ್ದು. ತಳದ ಮೀನು ಜಾಗ ಬಿಟ್ಟು ದಡದ ಕಡೆ, ಮೇಲಿನ ಪದರಕ್ಕೆ ಸರಿಯುತ್ತೆ. ತಾರ್ಲೆ, ಅಂದ್ರೆ ಬೂತಾಯಿ ಮೀನಿನದು ಬೇರೆ ಕಥೆ, ಅದಕ್ಕೆ ಏರಿದ ನೀರಿನ ಗೊಬ್ಬರದಿಂದ ಬೆಳೆದ ಪಾಚಿ ಬೇಕು.

ವಾಸ್ಕೋ ಬಂದರು | ವಾಸ್ಕೋ

ಅಳತಿ ವಿಷಯ ಬಂತು ಅಂತ ಹೇಳ್ತೀನ್ರಿ. ಶಾಖದ ಲೆಕ್ಕ ಕೆಡೂದು ಸೂತ್ರದಾಗ ಅಲ್ಲ, ಸಲಕರಣೆಯೊಳಗ.

ಎಕ್ಸ್‌ಬಿಟಿ ಅಂತ ಉಷ್ಣ ಅಳೆಯೂ ಒಂದು ಬಿಸಾಡೂ ಶೋಧಕ ಐತಿ, ಹಡಗು ನಿಲ್ಲಿಸದ ಒಗೀಬಹುದು. ತೆಳ್ಳಗಿನ ತಾಮ್ರದ ತಂತಿ ಬಿಚ್ಚಿಕೋತ ಇಳೀತೈತಿ. ಅದರಾಗ ಒತ್ತಡ ಅಳೆಯೂದ ಇಲ್ಲ! ಆಳ ತಿಳಿಯೂದು ಸಮಯದಿಂದ: ಸೆಕೆಂಡುಗಳನ್ನ 6.691ರಿಂದ ಗುಣಿಸಿ, ಅದರಾಗಿಂದ ಸೆಕೆಂಡಿನ ವರ್ಗದ 0.00225 ಪಟ್ಟು ಕಳೀರಿ. 10 ಸೆಕೆಂಡಿಗೆ 66.7 ಮೀಟರ್. ಇದು 760 ಮೀಟರಿನ ಮಾದರಿಗೆ. ಹಳೇ ಗುಣಾಂಕ ಹಾಕಿದ ಕಡತ ಇನ್ನೂ ಓಡಾಡ್ತಾವ, ಮೊದಲ ಅದನ್ನ ನೋಡ್ರಿ. ಆಳದಾಗ 5 ಮೀಟರ್ ತಪ್ಪಿದ್ರ ಏನಾತು ಅನ್ನಬ್ಯಾಡ್ರಿ. ನಮ್ಮ ಸಮುದ್ರದ ನಡು ಪದರದಾಗ ಮೀಟರಿಗೆ 0.1 ಡಿಗ್ರಿ ಇಳೀತೈತಿ, 5 ಮೀಟರಿಗೆ ಅರ್ಧ ಡಿಗ್ರಿ. ಪುಣೆಯವರ ಲೆಕ್ಕದಾಗ ಎರಡು ತೋಳಿನ ನಡುವಿನ ವ್ಯತ್ಯಾಸ ಒಂದ ಡಿಗ್ರಿ ಇತ್ತು. ಅರ್ಧ ಅಲ್ಲೇ ಹೋತು. ತಂತಿ ಹಡಗಿನ ಮೈಗೆ ತಾಗಿದ್ರ ಗೆರಿ ಒಮ್ಮೆಲೆ ಜಿಗೀತೈತಿ, ಅಂಥಾದ್ದು ತಗದ ಹಾಕ್ರಿ. ಮೊದಲ 4 ಮೀಟರ್ ಯಾವಾಗಲೂ ಬಿಡ್ರಿ.

ಸಿಟಿಡಿ (ಉಪ್ಪು, ಉಷ್ಣ, ಆಳ ಅಳೆಯೂ ಸಲಕರಣೆ) ಇಳಿಸೂದಾದ್ರ ಮೊದಲು 10 ಮೀಟರಿನ್ಯಾಗ ಎರಡು ನಿಮಿಷ ನೆನೀಲಿ, ಪಂಪ್ ಶುರು ಆಗಲಿ, ಗುಳ್ಳಿ ಹೋಗಲಿ. ಆಮ್ಯಾಲ ಮ್ಯಾಲ ತಂದು ಇಳಿಸ್ರಿ. ಬಿಸಿ–ತಂಪು ಗಡಿಯೊಳಗ ಸೆಕೆಂಡಿಗೆ ಅರ್ಧ ಮೀಟರ್ ಸಾಕು. ಜೋರು ಇಳಿಸಿದ್ರ ವಿದ್ಯುತ್ ವಾಹಕತೆ ಅಳೆಯೂ ನಳಿಗಿ ತನ್ನ ಹಳೇ ಬಿಸಿ ಇಟ್ಕೊಂಡಿರತೈತಿ, ಉಪ್ಪಿನ ಗೆರಿಯೊಳಗ ಸುಳ್ಳು ಮುಳ್ಳು ಏಳತಾವ. ನೀರಿನ ಸೀಸೆ ಮುಚ್ಚೂ ಮುಂಚೆ ಕನಿಷ್ಠ ಅರ್ಧ ನಿಮಿಷ ನಿಲ್ಲಸ್ರಿ.

ಕಲ್ಯಾಣ್ ಲೋಕಲ್ | ಡೊಂಬಿವಲಿ

ಆರ್ಗೋ ತೇಲುಯಂತ್ರಗಳು ಇರುವಾಗ ಈ ಕಷ್ಟ ಯಾಕೆ? ಜಗತ್ತಿನ ತುಂಬ ಸುಮಾರು 4000 ಇವೆ.

ವಾಸ್ಕೋ ಬಂದರು | ವಾಸ್ಕೋ

ಉಷ್ಣದಾಗ 0.002 ಡಿಗ್ರಿ ನಿಖರ, ಅದರ ಬಗ್ಗೆ ಮಾತಿಲ್ಲ. ಆದ್ರ 1000 ಮೀಟರಿನ್ಯಾಗ ಮಲಗಿ, ಹತ್ತು ದಿನಕ್ಕ ಒಮ್ಮೆ 2000ಕ್ಕ ಇಳಿದು ಮ್ಯಾಲ ಬರತೈತಿ. ಒಂದಕ್ಕೊಂದು ಸರಾಸರಿ 300 ಕಿ.ಮೀ. ದೂರ. ಸುಳಿ ಪೂರ್ತಿ ಎರಡರ ನಡುವ ಜಾರಿ ಹೋಗತೈತಿ. ಮುಂಬೈ ಎದುರಿನ ಅಗಲಾದ ಆಳಿಲ್ಲದ ಕಡಲಾಗ ಅದು ಕೆಲಸ ಮಾಡೂದ ಇಲ್ಲ.

ಮಾಂಡವಿ ದಂಡೆ | ಪಣಜಿ

ಕೊನೆಗೊಂದು ಉಪಯೋಗದ ಪ್ರಶ್ನೆ. ಮೇ ತಿಂಗಳಲ್ಲಿ ಚಂಡಮಾರುತ ಎದ್ದಾಗ ಎಲ್ಲರೂ "ಸಮುದ್ರ 31 ಡಿಗ್ರಿ" ಅಂತ ಹೇಳ್ತಾರೆ. ಆ ಒಂದು ಅಂಕಿ ಸಾಕಾ?

ಪಾಷಾಣ್ ಗಾಳಿ | ಪುಣೆ

ಸಾಲದು. ಚಂಡಮಾರುತ ನೀರನ್ನ ಹತ್ತಾರು ಮೀಟರ್ ಕಲಕುತ್ತೆ. ಕೆಳಗೆ ಬೇಗ ತಣ್ಣೀರು ಸಿಕ್ಕರೆ ಅದು ತನ್ನ ಒಲೆಯನ್ನ ತಾನೇ ಆರಿಸಿಕೊಂಡಂತೆ. ಹಾಗಾಗಿ 26 ಡಿಗ್ರಿಗಿಂತ ಮೇಲಿನ ಶಾಖವನ್ನೆಲ್ಲ ಆಳದವರೆಗೆ ಕೂಡಿಸಬೇಕು. 50 ಮೀಟರ್ ದಪ್ಪದಲ್ಲಿ ಸರಾಸರಿ 29 ಡಿಗ್ರಿ ಇದ್ರೆ: 50 ಗುಣಿಸು 3 ಗುಣಿಸು 41 ಲಕ್ಷ, ಚದರ ಸೆಂ.ಮೀ.ಗೆ 61 ಕಿಲೋಜೂಲ್. 50 ದಾಟಿದ್ರೆ ಬಲಗೊಳ್ಳೋಕೆ ಅನುಕೂಲ ಅಂತ ಲೆಕ್ಕ. ಇನ್ನೊಂದು ಕಡೆ ಮೇಲ್ಮೈ 31 ಇದ್ದು 15 ಮೀಟರಿನಲ್ಲೇ 26ಕ್ಕೆ ಇಳಿದ್ರೆ, ಸರಾಸರಿ ಎರಡೂವರೆ ಡಿಗ್ರಿಯ ಪ್ರಕಾರ 15ರಷ್ಟೇ ಬರುತ್ತೆ. ಮೇಲ್ಮೈ ನಕ್ಷೆಯಲ್ಲಿ ಎರಡನೇದೇ ಹೆಚ್ಚು ಕೆಂಪಗೆ ಕಾಣುತ್ತೆ! 2021ರ ಮೇ 16ರಂದು ಗೋವಾ ಎದುರು ಹಾದು 17ರ ರಾತ್ರಿ ಸೌರಾಷ್ಟ್ರಕ್ಕೆ ಬಡಿದ ತೌಕ್ತೆಯಂಥದ್ದರ ದಾರಿ ನೋಡುವಾಗ ಕೆಳಗೆ ಉಬ್ಬಿನ ಸುಳಿ ಇದೆಯಾ, ತಗ್ಗಿನದಾ ಅಂತ ಮೊದಲು ನೋಡಬೇಕು.

ಮಾಂಡವಿ ದಂಡೆ | ಪಣಜಿ

ಹಾಗಾದ್ರೆ ಎತ್ತರದ ನಕ್ಷೆಯಲ್ಲಿ ಸುಳಿಯನ್ನ ನಾನೇ ಗುರುತಿಸೋದು ಹೇಗೆ?

ಉಪ್ಪಿನ ಅಳತೆ | ದೋನಾ ಪಾವ್ಲಾ

ದಿನದಿನದ ಸಮುದ್ರ ಎತ್ತರದ ವ್ಯತ್ಯಾಸದ ಕಡತ ಉಚಿತವಾಗಿ ಸಿಗುತ್ತೆ. ಮೊದಲು ಇಡೀ ಪ್ರದೇಶದ ಸರಾಸರಿ ಕಳೀರಿ, ಇಲ್ಲದಿದ್ರೆ ಬೇಸಿಗೆಯಲ್ಲಿ ಸಮುದ್ರವೆಲ್ಲ ಹಿಗ್ಗಿದ್ದೇ ಉಬ್ಬಾಗಿ ಕಾಣುತ್ತೆ. ಆಮೇಲೆ 1 ಸೆಂ.ಮೀ. ಅಂತರದಲ್ಲಿ ಸಮ ಎತ್ತರದ ಗೆರೆ ಎಳೀರಿ. ತನ್ನಷ್ಟಕ್ಕೆ ಮುಚ್ಚಿಕೊಂಡ ಗೆರೆಗಳಲ್ಲಿ ತೀರ ಹೊರಗಿನದು ಸುಳಿಯ ಅಂಚು. ನಡುವಿಗೂ ಅಂಚಿಗೂ 3 ಸೆಂ.ಮೀ.ಗಿಂತ ಕಡಿಮೆ ಇದ್ರೆ ಅಳತೆಯ ಗದ್ದಲ ಅಂತ ಬಿಡಿ. ನಾಲ್ಕು ವಾರ ಸತತವಾಗಿ ಸಿಕ್ಕಿದ್ದನ್ನ ಮಾತ್ರ ನಂಬಿ, ಪಶ್ಚಿಮಕ್ಕೆ ಸರೀತಾ ಇದೆಯಾ ನೋಡಿ. ಕೊನೆಗೆ ಅದೇ ದಿನದ ಉಷ್ಣದ ನಕ್ಷೆಯನ್ನ ಮೇಲೆ ಇಟ್ಟು ಬಿಸಿಯ ನಡು ಎಷ್ಟು ಸರಿದಿದೆ ಅಂತ ಅಳೀರಿ. ಮಳೆಗಾಲದಲ್ಲಿ ಇನ್ಫ್ರಾರೆಡ್ ನಕ್ಷೆ ಮೋಡದಿಂದ ಖಾಲಿ ಇರುತ್ತೆ, ಮೈಕ್ರೋವೇವ್‌ದು ತಗೊಳ್ಳಿ.

ವಾಸ್ಕೋ ಬಂದರು | ವಾಸ್ಕೋ

ದಡದಿಂದ 50 ಕಿ.ಮೀ. ಒಳಗಿನ ಬಣ್ಣ ಎರಡರಾಗೂ ನಂಬಬ್ಯಾಡ್ರಿ. ಅಲ್ಲಿ ನೆಲದ ಪ್ರತಿಧ್ವನಿ ಕೂಡಿಕೊಂಡಿರತೈತಿ.